ಬೂಷ್ಟಿನಿಂದ ಬಂದ ಮದ್ದು: ಸೆಫಲೋಸ್ಪೊರಿನ್

೧೯೪೫ರಲ್ಲಿ ಇಟಲಿಯ ಸಾರ್ಡೀನಿಯ ದ್ವೀಪದಲ್ಲಿ ಜುಸೆಪ್ಪೆ ಬ್ರೋತ್ಸು ಎಂಬ ವೈದ್ಯರು, ಚರಂಡಿಯ ನೀರು ಸಮುದ್ರಕ್ಕೆ ಬೀಳುವೆಡೆಯಲ್ಲಿ ಒಂದು ಬಗೆಯ ಬೂಷ್ಟನ್ನು ಕಂಡರು. ಅದರ ರಸವು ಟೈಫಾಯಿಡ್ ಸೂಕ್ಷ್ಮಜೀವಿಗಳನ್ನೂ ತಡೆಯುತ್ತಿತ್ತು. ೧೯೪೮ರಲ್ಲಿ ಅದು ಆಕ್ಸ್‌ಫರ್ಡಿಗೆ ಹೋಯಿತು. ಅಲ್ಲಿ ಏಬ್ರಹಾಂ ಮತ್ತು ನ್ಯೂಟನ್ ಎಂಬ ವಿಜ್ಞಾನಿಗಳು ಅದರಿಂದ ಸೆಫಲೋಸ್ಪೊರಿನ್ ‘ಸಿ’ಯನ್ನು ಬೇರ್ಪಡಿಸಿದರು. ಈ ಕುಲದ ಮೊದಲ ಔಷಧ ೧೯೬೪ರಲ್ಲಿ ಮಾರಾಟಕ್ಕೆ ಬಂದಿತು.

ಇದು ಕೆಲಸಮಾಡುವ ಬಗೆ ಹೇಗೆ? ಬ್ಯಾಕ್ಟೀರಿಯ ತನ್ನ ಸುತ್ತ ಗಟ್ಟಿಯಾದ ಗೋಡೆ ಕಟ್ಟಿಕೊಂಡಿರುತ್ತದೆ. ಈ ಮದ್ದು ಆ ಗೋಡೆಯ ಕೆಲಸವನ್ನೇ ಕೆಡಿಸುತ್ತದೆ. ಜೀವಿ ಒಡೆದು ಸಾಯುತ್ತದೆ. ನಮ್ಮ ಜೀವಕೋಶಗಳಿಗೆ ಅಂಥ ಗೋಡೆಯಿಲ್ಲವಾದ್ದರಿಂದ ಅವಕ್ಕೆ ಆ ಪೆಟ್ಟು ತಗಲದು. ನೆಗಡಿ, ಫ್ಲೂ ತರುವ ವೈರಸ್ಸಿಗೂ ಆ ಗೋಡೆಯಿಲ್ಲ; ಆದುದರಿಂದ ಅಲ್ಲಿ ಈ ಮದ್ದು ನಿಷ್ಪ್ರಯೋಜಕ.

ಚರ್ಮದ ಸೋಂಕಿಗೆ ಸೆಫಲೆಕ್ಸಿನ್ ಗುಳಿಗೆ, ಟೈಫಾಯಿಡಿಗೆ ಸೆಫ್ಟ್ರಯಾಕ್ಸೋನ್ ಚುಚ್ಚುಮದ್ದು: ಹೀಗೆ ರೋಗವರಿತು ಕೊಡುವುದು ವೈದ್ಯರ ಕೆಲಸ.

ಒಂದು ದಿನದ ಕೂಲಿ ತಪ್ಪೀತೆಂದು ಅಂಗಡಿಯಿಂದಲೇ ನಾಲ್ಕು ಗುಳಿಗೆ ತಂದು ನುಂಗುವ ರೂಢಿ ನಮ್ಮಲ್ಲಿ ಹಲವರಿಗಿದೆ. ಬೇಡದ ಕಡೆ ಮದ್ದು ಬಳಸಿದಷ್ಟೂ ಅದಕ್ಕೆ ಜಗ್ಗದ ಜೀವಿಗಳು ಉಳಿದು ಬೆಳೆಯುತ್ತವೆ. ನಾಳೆ ನಿಜವಾದ ಜ್ವರ ಬಂದಾಗ ಅದೇ ಮದ್ದು ನಮಗೂ, ಒಂದೇ ಕೋಣೆಯಲ್ಲಿರುವ ಸಂಗಡಿಗರಿಗೂ ಫಲಿಸದೆ ಹೋಗಬಹುದು. ಆದಕಾರಣವೇ ೨೦೧೪ರಿಂದ ಸೆಫಿಕ್ಸೀಮ್ ಮೊದಲಾದವನ್ನು ಅಂಗಡಿಯವರು ವೈದ್ಯರ ಚೀಟಿ ನೋಡಿ, ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದೇ ಮಾರಬೇಕೆಂಬ ನಿಯಮವಿದೆ.

ನೆನಪಿಡತಕ್ಕವು:
೧. ಪೆನಿಸಿಲಿನ್ ಒಗ್ಗದವರು ವೈದ್ಯರಿಗೆ ಮೊದಲೇ ತಿಳಿಸಬೇಕು.
೨. ಹೇಳಿದ ವೇಳೆಗೆ, ಹೇಳಿದಷ್ಟು ದಿನ ನುಂಗಬೇಕು.
೩. ಉಳಿದ ಗುಳಿಗೆಯನ್ನು ಇನ್ನೊಬ್ಬರಿಗೆ ಕೊಡಬಾರದು.
೪. ಮೈಮೇಲೆ ದದ್ದೆದ್ದರೆ, ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.