ವೆಂಡಿಂಗ್ ಯಂತ್ರಕ್ಕೆ ಜಾಗದ ಕರಾರು

ತಿಂಡಿ, ಕಾಫಿಯ ವೆಂಡಿಂಗ್ ಯಂತ್ರವನ್ನು ಇನ್ನೊಬ್ಬರ ಜಾಗದಲ್ಲಿ ಇಡುವವರಿಗೆ ಲಿಖಿತ ಕರಾರು ಬೇಕು. ಹೊಸೂರು–ರಾಯಕೋಟೆ ರಸ್ತೆಯ ಉದ್ದನಪಲ್ಲಿಯಂಥ ಊರಿನಲ್ಲಿ ಬಾಯಿಮಾತೇ ಸಾಕೆನಿಸುವುದು ಸಹಜ. ಕಟ್ಟಡ ಕೈಬದಲಾಗುವವರೆಗೆ ಮಾತ್ರ.

ಜಾಗದ ಪೂರ್ತಿ ಸ್ವಾಧೀನ ಕೊಡದೆ ಮೂಲೆಯೊಂದನ್ನು ಬಳಸಲು ಬಿಟ್ಟರೆ ಅದು ಸಾಮಾನ್ಯವಾಗಿ ಬಾಡಿಗೆಯಲ್ಲ, ಬರೀ ಅನುಮತಿ. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಇಂಥ ಅನುಮತಿಯನ್ನು ಮಾಲೀಕರು ಬಹುಮಟ್ಟಿಗೆ ಯಾವಾಗ ಬೇಕಾದರೂ ಹಿಂಪಡೆಯಬಹುದು. ಜಾಗ ಮಾರಿದರೆ, ಕೊಂಡವರು ಅದಕ್ಕೆ ಬದ್ಧರಲ್ಲ. ಆದ್ದರಿಂದ ಎಷ್ಟು ದಿನ ಮುಂಚೆ ನೋಟಿಸು, ಯಂತ್ರ ಸಾಗಿಸಲು ಎಷ್ಟು ಕಾಲಾವಕಾಶ, ಅವಧಿಗೆ ಮೊದಲೇ ತೆಗೆಸಿದರೆ ಪರಿಹಾರವೆಷ್ಟು ಎಂಬುದನ್ನು ಮೊದಲೇ ಬರೆಸಬೇಕು. ಯಂತ್ರ ಯಾರ ಸ್ವತ್ತೆಂದು ಅದರ ಸೀರಿಯಲ್ ನಂಬರಿನೊಂದಿಗೆ ನಮೂದಿಸುವುದು ಕ್ಷೇಮ.

ಜಗಳ ಹೆಚ್ಚು ಹುಟ್ಟುವುದು ಕರೆಂಟಿನಲ್ಲಿ. ತಂಪು ಯಂತ್ರ ರಾತ್ರಿಯೂ ಓಡುತ್ತದೆ; ಸಬ್‌ಮೀಟರ್ ಹಾಕಿಸಿದರೆ ವಾದವಿಲ್ಲ. ಮಾಲೀಕರಿಗೆ ತಿಂಗಳ ಮೊತ್ತವೋ, ಮಾರಾಟದ ಪಾಲೋ ಎಂಬುದೂ, ಪಾಲಾದರೆ ಲೆಕ್ಕ ತೋರಿಸುವ ಬಗೆಯೂ ಸ್ಪಷ್ಟವಿರಲಿ. ಕೆಟ್ಟುಹೋದ ತಿನಿಸು, ಒಡೆದ ಗಾಜು, ಬೀಗದ ಕೈ ಯಾರ ಹೊಣೆ ಎಂಬುದಕ್ಕೆ ತಲಾ ಒಂದು ಸಾಲು ಸಾಕು.

ಹೊಸೂರಿನ ಈ ಗಡಿಸೀಮೆಯಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ನಡೆಯುತ್ತವೆ. ಸಹಿ ಹಾಕುವ ಇಬ್ಬರಿಗೂ ಓದಲು ಬರುವ ಭಾಷೆಯಲ್ಲಿ ಪ್ರತಿ ಸಿದ್ಧಪಡಿಸಿ, ತಲಾ ಒಂದನ್ನು ಇಟ್ಟುಕೊಳ್ಳಬೇಕು.