ಅಟ್ಟದ ಕೊಬ್ಬರಿ, ಆರು ತಿಂಗಳ ಜರ್ಮನಿ

2025ರ ಫೆಬ್ರವರಿ. ಬೆಂಗಳೂರಿನ ಕಾಲೇಜಿನಿಂದ ಮಗಳು ಫೋನ್ ಮಾಡಿ, "ಅಮ್ಮಾ, ಜರ್ಮನಿಗೆ ಒಂದು ಸೆಮಿಸ್ಟರ್ ಕಳಿಸೋ ಪಟ್ಟಿಯಲ್ಲಿ ನನ್ನ ಹೆಸರು ಬಂದಿದೆ" ಅಂದಾಗ ನಾನು ಅಟ್ಟದ ಏಣಿಯ ಮೇಲಿದ್ದೆ. ಸಂತೋಷಕ್ಕೆ ಏನು ಹೇಳಬೇಕೋ ತೋಚದೆ ಕೈಗೆ ಸಿಕ್ಕ ಕಾಯಿಯೊಂದನ್ನು ಅಲ್ಲಾಡಿಸಿದೆ. ಒಳಗೆ ಇನ್ನೂ ನೀರಿನ ಸದ್ದು.

ಚೌಳಹಿರಿಯೂರಿನ ಕಡೆ ಕಾಯಿಯನ್ನು ಅಟ್ಟಕ್ಕೆ ಏರಿಸಿದರೆ ಹತ್ತು ಹನ್ನೊಂದು ತಿಂಗಳು ಮುಟ್ಟುವುದಿಲ್ಲ. ನೀರು ಇಂಗಬೇಕು, ತಿರುಳು ಕರಟ ಬಿಡಬೇಕು, ಅಲ್ಲಾಡಿಸಿದರೆ ಗಿಟುಕು ಗಡಗಡ ಅನ್ನಬೇಕು. ಆಮೇಲೆ ಸುಲಿದು ಒಡೆದು ತಿಪಟೂರಿಗೆ ಕಳಿಸುವುದು. ಅವಸರಪಟ್ಟು ಒಡೆದರೆ ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ.

ಮಗಳನ್ನು ಕಳಿಸುವ ತಯಾರಿಯ ಏಳೆಂಟು ತಿಂಗಳಲ್ಲಿ ನನಗೆ ಗಟ್ಟಿಯಾಗಿ ಅರ್ಥವಾದ ಪಾಠವೂ ಅದೇ. ಎಷ್ಟು ದುಡ್ಡು ಬೇಕು ಎಂದು ಎಲ್ಲರೂ ಕೇಳಿದರು. ಯಾವ ದುಡ್ಡು ಯಾವ ತಾರೀಕಿಗೆ ಬೇಕು ಎಂದು ಯಾರೂ ಕೇಳಲಿಲ್ಲ. ನಮ್ಮಂಥ ಮನೆಗಳಲ್ಲಿ ಸೋಲು ಗೆಲುವು ನಿಲ್ಲುವುದು ಎರಡನೆಯ ಪ್ರಶ್ನೆಯ ಮೇಲೆ.

ಮೊದಲು ನಮ್ಮ ಮನೆಯವರು, ನಾನು ಕೂತು ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿದೆವು: ಕರಗುವ ದುಡ್ಡು, ಕಟ್ಟಿಡುವ ದುಡ್ಡು, ತಿರುಗಿ ಬರುವ ದುಡ್ಡು.

ಕರಗುವ ದುಡ್ಡೆಂದರೆ ವಿಮಾನದ ಟಿಕೆಟ್, 75 ಯೂರೋ ವೀಸಾ ಶುಲ್ಕ, ಅರ್ಜಿ ತೆಗೆದುಕೊಳ್ಳುವ ಕೇಂದ್ರದ ಸೇವಾ ಶುಲ್ಕ, ಪ್ರಯಾಣ ವಿಮೆ, ಚಳಿಯ ಬಟ್ಟೆ. ವಿನಿಮಯ ಒಪ್ಪಂದದ ಮೇಲೆ ಹೋಗುವ ಮಕ್ಕಳು ಬೋಧನಾ ಶುಲ್ಕವನ್ನು ಇಲ್ಲಿನ ಕಾಲೇಜಿಗೇ ಕಟ್ಟುತ್ತಾರೆ. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಸೆಮಿಸ್ಟರ್ ವಂತಿಗೆ ಅಂತ ಒಂದಿಷ್ಟು ಮಾತ್ರ. ಇವೆಲ್ಲ ಚಿಲ್ಲರೆಯಂತೆ ಕಾಣುತ್ತವೆ, ಕೂಡಿಸಿದರೆ ಲಕ್ಷ ದಾಟುತ್ತವೆ. ಇದಕ್ಕೆ ನನ್ನ ಚೀಟಿಯ ದುಡ್ಡನ್ನು ಎತ್ತಿಟ್ಟೆ.

ಕಟ್ಟಿಡುವ ದುಡ್ಡು ದೊಡ್ಡದು. ಅಲ್ಲಿದ್ದಷ್ಟು ದಿನ ವಿದ್ಯಾರ್ಥಿ ತನ್ನ ಖರ್ಚು ತಾನೇ ನೋಡಿಕೊಳ್ಳಬಲ್ಲಳು ಎಂದು ಜರ್ಮನಿಗೆ ತೋರಿಸಬೇಕು. ಅದಕ್ಕೆ ಬ್ಲಾಕ್ಡ್ ಅಕೌಂಟ್ ಎನ್ನುವ ಖಾತೆ ತೆರೆದು ಹಣ ಹಾಕಬೇಕು. 2024ರ ಸೆಪ್ಟೆಂಬರಿನಿಂದ ತಿಂಗಳಿಗೆ 992 ಯೂರೋ, ಅಂದರೆ ಆರು ತಿಂಗಳಿಗೆ 5,952. ಯೂರೋ ಆಗ ನೂರು ರೂಪಾಯಿಯ ಆಸುಪಾಸಿನಲ್ಲಿತ್ತು. ಲೆಕ್ಕ ಹತ್ತಿರ ಹತ್ತಿರ ಆರು ಲಕ್ಷ. ಈ ದುಡ್ಡು ಎಲ್ಲಿಗೂ ಹೋಗುವುದಿಲ್ಲ. ಮಗಳು ಅಲ್ಲಿ ಇಳಿದ ಮೇಲೆ ತಿಂಗಳಿಗೆ 992ರಂತೆ ಅವಳ ಕೈಗೇ ಬರುತ್ತದೆ, ಅದರಲ್ಲೇ ಅವಳ ಬಾಡಿಗೆ, ಊಟ, ವಿಮೆ. ಆದರೆ ಮಾರ್ಚಿನ ಊಟದ ದುಡ್ಡನ್ನೂ ಹಿಂದಿನ ಜುಲೈನಲ್ಲೇ ಕಟ್ಟಬೇಕು. ಕಷ್ಟ ಇರುವುದು ಅಲ್ಲೇ.

ಜುಲೈಗೆ ನಮ್ಮ ಹತ್ತಿರ ಏನಿತ್ತು? ಅಟ್ಟದಲ್ಲಿ ಹನ್ನೆರಡು ಕ್ವಿಂಟಲ್ ಕೊಬ್ಬರಿ ಮೇ ಕೊನೆಗೆ ಹದಕ್ಕೆ ಬಂತು. ದೇವರು ದೊಡ್ಡವನು, ಆ ವರ್ಷ ಬೆಲೆ ಏರಿತು. ಉಂಡೆ ಕೊಬ್ಬರಿಗೆ 2025ರ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ ಇದ್ದರೆ ತಿಪಟೂರಿನಲ್ಲಿ ಅದರ ಎರಡು ಪಟ್ಟು ದಾಟಿತ್ತು. ಹನ್ನೆರಡು ಕ್ವಿಂಟಲಿಗೆ ಮೂರು ಲಕ್ಷ ಬಂತು. ಆದರೆ ಇದನ್ನು ನಂಬಿ ಯಾರೂ ಲೆಕ್ಕ ಹಾಕಬಾರದು. 2023ರಲ್ಲಿ ಬೆಂಬಲ ಬೆಲೆ 11,750 ಇದ್ದಾಗ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು, ಮೇಲೆ ಬರಗಾಲ ಬೇರೆ. ಅದೇ ಅಟ್ಟ, ಅದೇ ಕಾಯಿ. ಎರಡು ವರ್ಷ ಮೊದಲಾಗಿದ್ದರೆ ಒಂದು ಲಕ್ಷವೂ ಕೈ ಸೇರುತ್ತಿತ್ತೋ ಇಲ್ಲವೋ. ಬೆಳೆಯ ದುಡ್ಡನ್ನು ಲೆಕ್ಕದಲ್ಲಿ ಅರ್ಧಕ್ಕೇ ಹಿಡಿಯಿರಿ.

ಉಳಿದ ಮೂರು ಲಕ್ಷ ಅವಳ ಓದಿಗೆಂದೇ ಇಟ್ಟ ಠೇವಣಿ. ಅದು ಮುಗಿಯುವುದು ಅಕ್ಟೋಬರಿಗೆ, ಬೇಕಾದದ್ದು ಜುಲೈಗೆ. ಮುರಿಸಲು ಹೊರಟೆವು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ತಡೆದರು: "ಮುರಿಸಿದರೆ ವರ್ಷಗಟ್ಟಲೆ ದುಡಿದ ಬಡ್ಡಿಗೆ ಕತ್ತರಿ. ಠೇವಣಿ ಮೇಲೆ ಸಾಲ ತಗೊಳ್ಳಿ." ಠೇವಣಿಯ ಬಡ್ಡಿಗಿಂತ ಒಂದೆರಡು ಪರ್ಸೆಂಟ್ ಹೆಚ್ಚಿಗೆ ಸಾಲ ಸಿಗುತ್ತದೆ. ಠೇವಣಿಯ ಶೇಕಡ 90ರವರೆಗೆ ಕೊಟ್ಟರು, ಕೊರತೆಯನ್ನು ಉಳಿತಾಯ ಖಾತೆಯಿಂದ ತುಂಬಿದೆವು. ಮೂರು ತಿಂಗಳಿಗೆ ಆ ಒಂದೆರಡು ಪರ್ಸೆಂಟು ಎಂದರೆ ಸಾವಿರದ ಸುತ್ತಮುತ್ತ. ಬಂಗಾರ ಅಡ ಇಡುವ ಮೊದಲು, ಠೇವಣಿ ಮುರಿಸುವ ಮೊದಲು ಈ ಬಾಗಿಲನ್ನು ಒಮ್ಮೆ ತಟ್ಟಿ ನೋಡಿ.

ಇನ್ನು ದುಡ್ಡು ಕಳಿಸುವ ದಿನದ ಕಥೆ. ನಮ್ಮ ಖಾತೆ ಇರುವ ಶಾಖೆಯವರಿಗೆ ಹೊರದೇಶಕ್ಕೆ ಹಣ ಕಳಿಸುವ ರೂಢಿ ಇರಲಿಲ್ಲ. ಎ2 ಫಾರಂ ತುಂಬಿಸಿಕೊಂಡು, ಪ್ಯಾನ್ ಕಾರ್ಡ್, ಕಾಲೇಜಿನ ಪತ್ರ ತೆಗೆದುಕೊಂಡು ದೊಡ್ಡ ಶಾಖೆಗೆ ಕಳಿಸಿದರು. ನಾನು ಕಮಿಷನ್ ಎಷ್ಟೆಂದು ಕೇಳಿದೆ. ದರ ಎಷ್ಟೆಂದು ಕೇಳಲಿಲ್ಲ. ಅವತ್ತಿನ ಪತ್ರಿಕೆಯ ದರಕ್ಕಿಂತ ಬ್ಯಾಂಕು ಯೂರೋಗೆ ಒಂದೂವರೆ ರೂಪಾಯಿ ಹೆಚ್ಚಿಗೆ ಹಿಡಿದಿತ್ತು. 5,952ಕ್ಕೆ ಒಂದೂವರೆ ರೂಪಾಯಿಯಂತೆ 8,928. ಕಮಿಷನ್ ಸಾವಿರ, ಕರೆನ್ಸಿ ಬದಲಾವಣೆಯ ಮೇಲಿನ ಜಿಎಸ್‌ಟಿ ಆರು ಲಕ್ಷಕ್ಕೆ 630 ರೂಪಾಯಿ. ಕಣ್ಣಿಗೆ ಕಾಣುವ ಖರ್ಚಿಗಿಂತ ಕಾಣದ ಖರ್ಚು ಐದು ಪಟ್ಟು! ಎರಡು ಮೂರು ಕಡೆ "ನನ್ನ ಖಾತೆಯಿಂದ ಒಟ್ಟು ಎಷ್ಟು ರೂಪಾಯಿ ಹೋಗುತ್ತೆ, ಅಲ್ಲಿ ಎಷ್ಟು ಯೂರೋ ಮುಟ್ಟುತ್ತೆ" ಎಂಬ ಎರಡೇ ಪ್ರಶ್ನೆ ಕೇಳಿದ್ದರೆ ಅದರಲ್ಲಿ ಅರ್ಧವಾದರೂ ಉಳಿಯುತ್ತಿತ್ತು.

ಎರಡನೆಯ ಪ್ರಶ್ನೆ ಕೇಳದ್ದಕ್ಕೆ ಬೇರೆಯೇ ಪೆಟ್ಟು ಬಿತ್ತು. ನಾವು ಕಳಿಸಿದ್ದು ಸರಿಯಾಗಿ 5,952. ಮುಟ್ಟಿದ್ದು ಇಪ್ಪತ್ತು ಚಿಲ್ಲರೆ ಯೂರೋ ಕಮ್ಮಿ. ದಾರಿಯಲ್ಲಿ ಸಿಗುವ ಮಧ್ಯವರ್ತಿ ಬ್ಯಾಂಕು ತನ್ನ ಶುಲ್ಕ ಮುರಿದುಕೊಂಡಿತ್ತು. ಪೂರ್ತಿ ಮೊತ್ತ ಸೇರದೆ ದೃಢೀಕರಣ ಪತ್ರ ಬರುವುದಿಲ್ಲ, ಪತ್ರ ಇಲ್ಲದೆ ವೀಸಾ ಅರ್ಜಿ ಪೂರ್ತಿಯಾಗುವುದಿಲ್ಲ, ಅರ್ಜಿಯ ದಿನಕ್ಕೆ ಒಂಬತ್ತೇ ದಿನ. ಎರಡು ಸಾವಿರ ರೂಪಾಯಿಯ ಕೊರತೆ ತುಂಬಲು ಮತ್ತೆ ಫಾರಂ, ಮತ್ತೆ ಕಮಿಷನ್. ಆ ವಾರ ಮನೆಯಲ್ಲಿ ಯಾರಿಗೂ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಪತ್ರ ಬಂದದ್ದು ಅರ್ಜಿಗೆ ಎರಡು ದಿನ ಇರುವಾಗ. ಎಲ್ಲ ಶುಲ್ಕ ಕಳಿಸುವವರದೇ ಎಂದು ಫಾರಂನಲ್ಲೇ ಬರೆಸಬಹುದು, ಮೇಲೆ ಐವತ್ತು ಯೂರೋ ಹೆಚ್ಚಿಗೆ ಕಳಿಸಬಹುದು. ಹೆಚ್ಚಿಗೆ ಹೋದದ್ದು ಮಗಳ ಖಾತೆಯಲ್ಲೇ ಇರುತ್ತದೆ.

ಒಂದು ಸಮಾಧಾನದ ಮಾತು. ಹೊರಗೆ ಕಳಿಸುವ ದುಡ್ಡಿಗೆ ಬ್ಯಾಂಕಿನವರು ಮೊದಲೇ ಹಿಡಿಯುವ ಟಿಸಿಎಸ್ ತೆರಿಗೆಯ ಮಿತಿ 2025ರ ಏಪ್ರಿಲಿನಿಂದ ವರ್ಷಕ್ಕೆ ಹತ್ತು ಲಕ್ಷಕ್ಕೆ ಏರಿದೆ. ಒಂದು ಸೆಮಿಸ್ಟರಿನ ಖರ್ಚು ಸಾಮಾನ್ಯವಾಗಿ ಅದರೊಳಗೇ ಮುಗಿಯುತ್ತದೆ. ಮೀರಿ ಹಿಡಿದರೂ ರಿಟರ್ನ್ಸ್ ಸಲ್ಲಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ನೋಟ್‌ಬುಕ್ಕಿನಲ್ಲಿ ನಾವು ಹಾಕದೇ ಹೋದ ಕಾಲಂ ಒಂದಿತ್ತು: ಮೊದಲ ತಿಂಗಳು. ಕಟ್ಟಿಟ್ಟ ದುಡ್ಡು ಅಲ್ಲಿ ಕಾಲಿಟ್ಟ ದಿನವೇ ಬರುವುದಿಲ್ಲ. ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅಲ್ಲಿನ ಬ್ಯಾಂಕಿನಲ್ಲಿ ಖಾತೆ ತೆರೆಯಬೇಕು, ಆಮೇಲೆ ಮೊದಲ 992. ಸೆಪ್ಟೆಂಬರ್ ಕೊನೆಗೆ ಇಳಿದ ಮಗಳಿಗೆ ಅದು ಸಿಕ್ಕಿದ್ದು ಅಕ್ಟೋಬರ್ ಕೊನೆಯ ವಾರದಲ್ಲಿ. ಅಷ್ಟರೊಳಗೆ ಕೋಣೆಯ ಬಾಡಿಗೆ, ಎರಡು ತಿಂಗಳ ಬಾಡಿಗೆಯಷ್ಟು ಮುಂಗಡ, ತಿಂಗಳಿಗೆ 140 ಯೂರೋ ಆಸುಪಾಸಿನ ಆರೋಗ್ಯ ವಿಮೆ. ಹೊರಡುವ ವಾರ ಅವಳ ಕಾಲೇಜಿನ ಹಿರಿಯ ವಿದ್ಯಾರ್ಥಿನಿಯೊಬ್ಬಳು ಎಚ್ಚರಿಸಿದ್ದಕ್ಕೆ ಫಾರೆಕ್ಸ್ ಕಾರ್ಡಿನಲ್ಲೂ ನೋಟಿನಲ್ಲೂ ಸೇರಿ 1,500 ಯೂರೋ ಹೊಂದಿಸಿದೆವು. ಇಲ್ಲದಿದ್ದರೆ ಆರು ಲಕ್ಷ ಕಟ್ಟಿಟ್ಟೂ ಮಗು ಪರದೇಶದಲ್ಲಿ ಸಾಲ ಕೇಳಬೇಕಾಗುತ್ತಿತ್ತು.

ಮುಂಗಡ ಮೂರನೆಯ ಕಾಲಂನದು, ತಿರುಗಿ ಬರುವ ದುಡ್ಡು. ಕೋಣೆ ಬಿಟ್ಟ ದಿನವೇ ಅದು ಕೈಗೆ ಬರುವುದಿಲ್ಲ, ವಾರಗಳು ಹಿಡಿಯುತ್ತವೆ. ಅದು ಬರುವ ತನಕ ಅಲ್ಲಿನ ಖಾತೆ ಮುಚ್ಚಬೇಡ ಎಂದು ಅವಳಿಗೆ ಮೊದಲೇ ಹೇಳಿಟ್ಟಿದ್ದೆ.

ನೋಟ್‌ಬುಕ್ಕಿನಲ್ಲಿ ನಮ್ಮ ಮನೆಯವರು ತಾವಾಗಿ ಬರೆದ ಸಾಲು ಒಂದಿದೆ: "ಅವಳ ಖುಷಿಗೆ, 200 ಯೂರೋ." ಆರು ತಿಂಗಳು ಅಷ್ಟು ದೂರ ಹೋಗಿ ಗೆಳತಿಯರ ಜೊತೆ ಒಂದು ಊರು ನೋಡದೆ, ದುಡ್ಡು ಎಣಿಸುತ್ತಾ ಕೋಣೆಯಲ್ಲಿ ಕೂತರೆ ನಾವು ಕಳಿಸಿದ್ದಕ್ಕೆ ಅರ್ಥವಿಲ್ಲ. ಆ ಸಾಲನ್ನು ಯಾವ ತಂದೆತಾಯಿಯೂ ಹೊಡೆದುಹಾಕಬಾರದು.

ಹೊರಡುವ ಹಿಂದಿನ ರಾತ್ರಿ ನಮ್ಮತ್ತೆ ಬ್ಯಾಗಿನಲ್ಲಿ ಒಂದು ಡಬ್ಬಿ ತುಪ್ಪ, ಎರಡು ಗಿಟುಕು ಇಟ್ಟರು. ಮಗಳು ಎರಡನ್ನೂ ಮೆಲ್ಲಗೆ ತೆಗೆದಳು. ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ ತರುವಂತಿಲ್ಲ ಎಂಬುದು ಯುರೋಪಿನ ಕಾನೂನು. ಒಣಕೊಬ್ಬರಿಗೆ ವಿಮಾನದಲ್ಲೇ ಜಾಗವಿಲ್ಲ: ಎಣ್ಣೆಯಂಶ ಹೆಚ್ಚು, ತಾನಾಗಿ ಕಾವೇರಿ ಹೊತ್ತಿಕೊಳ್ಳಬಹುದು. ಅತ್ತೆ ಏನೂ ಅನ್ನಲಿಲ್ಲ, ಗಿಟುಕುಗಳನ್ನು ದೇವರ ಗೂಡಿನ ಪಕ್ಕ ಇಟ್ಟರು. ಬೆಳಿಗ್ಗೆ ಬೀರೂರಿನಲ್ಲಿ ರೈಲು ಹತ್ತಿದೆವು. ಕಡೂರು, ಅರಸೀಕೆರೆ ದಾಟಿ ತಿಪಟೂರು ಬಂದಾಗ ಮಗಳು ಕಿಟಕಿಯಿಂದ ಹೊರಗೆ ನೋಡುತ್ತಾ ನನ್ನ ಕೈ ಹಿಡಿದುಕೊಂಡಳು. ಮೂಟೆಗಳು ಇಳಿದ ಊರು ಯಾವುದೆಂದು ಅವಳಿಗೆ ಗೊತ್ತಿತ್ತು.

ಪರೀಕ್ಷೆ ಮುಗಿಸಿ ಯುಗಾದಿಗೆ ಮೊದಲು ಊರಿಗೆ ಬಂದಳು. ಹಬ್ಬದ ದಿನ ಅತ್ತೆ ಅದೇ ಗಿಟುಕು ತುರಿದು ಮಿಠಾಯಿ ಮಾಡಿ ಕೊಟ್ಟರು. ಅವಳ ತಮ್ಮ ಈಗ ಒಂಬತ್ತನೇ ತರಗತಿ. ಹಬ್ಬ ಕಳೆದ ಮೇಲೆ ಅಂಚೆ ಕಚೇರಿಗೆ ಹೋಗಿ ಅವನ ಹೆಸರಿನಲ್ಲಿ ಐದು ವರ್ಷದ ಆರ್‌.ಡಿ. ಶುರು ಮಾಡಿದೆ. ಅದು ಮುಗಿಯುವುದು 2031ರ ಬೇಸಿಗೆಗೆ, ಅವನು ಪದವಿಯ ಎರಡನೇ ವರ್ಷ ಮುಗಿಸುವ ಹೊತ್ತಿಗೆ. ಅವನೂ ಫೋನ್ ಮಾಡಿದರೆ, ಆ ದುಡ್ಡು ಜುಲೈಗೆ ಮೊದಲೇ ಹದಕ್ಕೆ ಬಂದಿರುತ್ತದೆ.