ಹೊಗೆ ಬಂದರೆ ಎಂಜಿನ್ ಕೆಟ್ಟಂತೆಯೇ? ಹಳೆಯ ಯೆಜ್ಡಿಯ ಸುತ್ತ ನಾಲ್ಕು ಪಾಠಗಳು

ಇಂಡಿ ತಾಲ್ಲೂಕಿನ ಒಂದು ಪ್ರೌಢಶಾಲೆಯ 9ನೇ ತರಗತಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳಿಗಾಗಿ ನಾನು ಮಾದರಿ ಪಾಠ ಮಾಡುತ್ತಿದ್ದೆ. ಹಿಂದಿನ ವರ್ಷ ಮಕ್ಕಳು ಬಿಡಿಬಿಡಿಯಾಗಿ ಓದಿದ್ದ ಒತ್ತಡ, ಘರ್ಷಣೆ ಮತ್ತು ದಹನವನ್ನು ಒಂದೇ ವಸ್ತುವಿನಲ್ಲಿ ಕೂಡಿಸಿ ತೋರಿಸುವುದು ಪಾಠದ ಉದ್ದೇಶ. ಅದಕ್ಕೆ ಆರಿಸಿಕೊಂಡ ಸಮಸ್ಯೆ ಇದು: ಹಳೆಯ ಮೋಟಾರ್‌ಸೈಕಲ್ ಕೊಳ್ಳುವ ಮೊದಲು ಅದರ ಎಂಜಿನ್ನಿನ ಆರೋಗ್ಯವನ್ನು ತಿಳಿಯುವುದು ಹೇಗೆ?

ಫೋರ್-ಸ್ಟ್ರೋಕ್ ಎಂಜಿನ್ನಿನ ಚಾರ್ಟ್ ತೂಗುಹಾಕಿ, ಭಾಗಗಳನ್ನು ಹೆಸರಿಸಿ, ಕಪ್ಪುಹಲಗೆಯ ಮೇಲೆ ಹೀಗೆ ಬರೆದೆ: ‘ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿದೆ.’ ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದುನಿಂತಳು.

“ಸರ್, ನಮ್ಮ ಮುತ್ಯಾಂದು ಒಂದು ಯೆಜ್ಡಿ ಐತ್ರಿ. ಹೊಸಾದು ತಂದ ದಿನದಿಂದನ ಹೊಗಿ ಬಿಡತಿತ್ತಂತ್ರಿ. ಹಂಗಾರ ಅದು ಹೊಸಾದಿದ್ದಾಗನ ಕೆಟ್ಟಿತ್ತೇನ್ರಿ?”

ತರಗತಿ ನಕ್ಕಿತು. “ಅದು ಬೇರೆ ತರಹದ ಎಂಜಿನ್, ಆಮೇಲೆ ನೋಡೋಣ” ಎಂದು ನಾನು ಮುಂದಕ್ಕೆ ಹೋದೆ. ಪಾಠ ಸಮಯಕ್ಕೆ ಸರಿಯಾಗಿ ಮುಗಿಯಿತು. ಆದರೆ ಒಬ್ಬ ಪ್ರಶಿಕ್ಷಣಾರ್ಥಿಯ ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲಿತ್ತು: ‘ಪಾಠದ ಅತಿ ಮುಖ್ಯ ಪ್ರಶ್ನೆಯನ್ನು ಮುಂದೂಡಲಾಯಿತು.’ ಬೇರೆಯವರ ಪಾಠದಲ್ಲಿ ಇಂಥದ್ದನ್ನು ಕಂಡಾಗ ನಾನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದುದೂ ಅದನ್ನೇ. ಅಂದೇ ಕುಳಿತು ಪಾಠವನ್ನು ಮತ್ತೆ ಕಟ್ಟಿದೆವು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಶಾಲೆಗಳಲ್ಲಿ ಪ್ರಶಿಕ್ಷಣಾರ್ಥಿಗಳೇ ಅದನ್ನು ಬೋಧಿಸಿದರು. ನಾನು ಹಿಂದಿನ ಬೆಂಚಿನಲ್ಲಿ ಕುಳಿತೆ.

ವಿಷಯದ ಸ್ಪಷ್ಟತೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಮೋಟಾರ್‌ಸೈಕಲ್‌ಗಳ ತಯಾರಿಕೆ ಆರಂಭಿಸಿತು. ಮುಂದೆ ಅದೇ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಎಂದರೆ ಇಂದು ಕೈ ಬದಲಾಗುವ ಹಳೆಯ ಯೆಜ್ಡಿ ಯಾವುದೂ ಅದಕ್ಕಿಂತ ಈಚಿನದಲ್ಲ. 2022ರಲ್ಲಿ ಮತ್ತೆ ಬಂದ ಯೆಜ್ಡಿಗಳದು ಫೋರ್-ಸ್ಟ್ರೋಕ್ ಎಂಜಿನ್, ಹಳೆಯವುಗಳದು ಟೂ-ಸ್ಟ್ರೋಕ್. ಹುಡುಗಿಯ ಪ್ರಶ್ನೆಗೆ ಉತ್ತರ ಇರುವುದು ಈ ವ್ಯತ್ಯಾಸದಲ್ಲಿ.

ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲ್ ಪಿಸ್ಟನ್ನಿನ ಕೆಳಗೆ ಇರಬೇಕು. ಮೇಲಕ್ಕೆ ಬಂದು ಉರಿಯಬಾರದು. ರಿಂಗ್ ಸವೆದರೆ ಅಥವಾ ವಾಲ್ವ್ ಸೀಲ್ ಹೋದರೆ ಅದು ಮೇಲಕ್ಕೆ ನುಸುಳಿ ಉರಿದು ನೀಲಿ ಹೊಗೆಯಾಗುತ್ತದೆ. ಹಳೆಯ ಯೆಜ್ಡಿಯಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸುತ್ತಾರೆ. ಆ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೆ ಹೋಗಿ ಬೇರಿಂಗುಗಳನ್ನು ನೆನೆಸಿ, ಆಮೇಲೆ ಸಿಲಿಂಡರಿಗೆ ಏರಿ ಉರಿಯುತ್ತದೆ. ಇಲ್ಲಿ ಆಯಿಲ್ ಉರಿಯುವುದು ವಿನ್ಯಾಸದ ಭಾಗ, ದೋಷವಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಹೊಗೆ ಇದೆಯೇ?’ ಎಂಬುದಲ್ಲ, ‘ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಹೊಗೆ ಕಡಿಮೆಯಾಯಿತೇ?’ ಎಂಬುದು. ಚಿಹ್ನೆ ಒಂದೇ ಆದರೂ ಯಂತ್ರ ಬದಲಾದಾಗ ಅದರ ಅರ್ಥ ಬದಲಾಗುತ್ತದೆ. ನನ್ನ ಹಲಗೆಯ ವಾಕ್ಯ ತಪ್ಪಾದದ್ದು ಇಲ್ಲಿಯೇ.

ಸಿಂದಗಿ: ಸೈಕಲ್ ಪಂಪಿನ ಪ್ರಯೋಗ

ಮರುರಚಿಸಿದ ಪಾಠ ಚಾರ್ಟಿನಿಂದಲ್ಲ, ಎರಡು ಸೈಕಲ್ ಪಂಪುಗಳಿಂದ ಆರಂಭವಾಯಿತು. ಒಂದರ ವಾಷರ್ ಗಟ್ಟಿ, ಇನ್ನೊಂದರದು ಸವೆದದ್ದು. ಗಾಳಿ ಬರುವ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿಕೆ ಒತ್ತಿದಾಗ ಮೊದಲನೆಯದು ಎದುರೊತ್ತಿತು. ಎರಡನೆಯದು ಪುಸ್ಸೆಂದು ಕೆಳಗಿಳಿಯಿತು. ‘ಸಂಪೀಡನ’ ಎಂಬ ಪದ ಹೇಳುವ ಮೊದಲೇ ಮಕ್ಕಳ ಕೈಗೆ ಅದರ ಅನುಭವವಾಗಿತ್ತು. ಸವೆದ ಪಂಪಿನೊಳಗೆ ನಾಲ್ಕು ಹನಿ ಎಣ್ಣೆ ಬಿಟ್ಟರೆ ಒತ್ತಡ ಸ್ವಲ್ಪ ಮರಳುತ್ತದೆ ಎಂಬುದು ನಮ್ಮ ಮುಂದಿನ ಹೆಜ್ಜೆ. ಆದರೆ ಅಂದು ಮರಳಲಿಲ್ಲ. ಪ್ರಶಿಕ್ಷಣಾರ್ಥಿಯ ಮುಖ ಬಿಳಿಚಿತು. ಬಿಚ್ಚಿ ನೋಡಿದರೆ ವಾಷರ್ ಸವೆದಿರಲಿಲ್ಲ, ಹರಿದಿತ್ತು. “ಸಣ್ಣ ಸಂದಿಗೆ ಎಣ್ಣಿ ಸಾಕ್ರಿ, ಹರದದ್ದಕ್ಕ ಎಣ್ಣಿ ಏನ್ ಮಾಡತೈತ್ರಿ?” ಎಂದನೊಬ್ಬ ಹುಡುಗ.

ಮೆಕ್ಯಾನಿಕ್‌ಗಳು ಮಾಡುವ ಪರೀಕ್ಷೆಯ ತರ್ಕವೂ ಇದೇ. ಪ್ಲಗ್ ಬಿಚ್ಚಿ ಅದರ ಜಾಗಕ್ಕೆ ಕಂಪ್ರೆಷನ್ ಗೇಜ್ ಹಾಕಿ, ಎಕ್ಸಲರೇಟರ್ ಪೂರ್ತಿ ತೆರೆದು, ಮುಳ್ಳು ನಿಲ್ಲುವವರೆಗೆ ಕಿಕ್ ಹೊಡೆಯುತ್ತಾರೆ. ಒತ್ತಡ ಕಡಿಮೆ ಬಂದರೆ ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಏರಿದರೆ ರಿಂಗಿನ ಮೇಲೆ ಅನುಮಾನ. ಏರದಿದ್ದರೆ ಗ್ಯಾಸ್ಕೆಟ್‌ನಂಥ ಬೇರೆ ದಾರಿಯಲ್ಲಿ ಸೋರುತ್ತಿರಬಹುದು. ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವವರೂ ಹಣ ಕೊಡುವ ಮೊದಲು ಇದನ್ನೇ ಮಾಡಿಸುತ್ತಾರೆ. ಟೂ-ಸ್ಟ್ರೋಕ್‌ನಲ್ಲಿ ಸಿಲಿಂಡರ್ ಮೊದಲೇ ಆಯಿಲಿನಿಂದ ನೆನೆದಿರುವ ಕಾರಣ, ಈ ಎರಡನೆಯ ಅಳತೆಯನ್ನು ಸ್ವಲ್ಪ ಎಚ್ಚರದಿಂದ ಓದಬೇಕು.

ಮಕ್ಕಳು ಬರೆದುಕೊಂಡ ಪರೀಕ್ಷಾ ಕ್ರಮ

1. ಎಂಜಿನ್ ತಣ್ಣಗಿರುವಾಗ ಹೋಗಬೇಕು. ಸ್ಟಾರ್ಟ್ ಮಾಡುವ ಮೊದಲು ಸಿಲಿಂಡರಿನ ಹತ್ತಿರ ಕೈ ಹಿಡಿದು ನೋಡಬೇಕು. ಬಿಸಿ ಎಂಜಿನ್ ಸುಲಭವಾಗಿ ಸ್ಟಾರ್ಟ್ ಆಗುತ್ತದೆ; ತಣ್ಣಗಿನದು ತನ್ನ ನಿಜ ಹೇಳುತ್ತದೆ.

2. ಇಗ್ನಿಷನ್ ಆಫ್ ಮಾಡಿ ಕಿಕ್ಕರನ್ನು ನಿಧಾನವಾಗಿ ಒತ್ತಬೇಕು. ಗಟ್ಟಿ ವಾಷರಿನ ಪಂಪಿನಂತೆ ಎದುರೊತ್ತಬೇಕು.

3. ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು. ಚಹಾದ ಕಂದು ಒಳ್ಳೆಯದು. ಕಪ್ಪಾಗಿ ಒದ್ದೆಯಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಹೆಚ್ಚಾಗಿರಬಹುದು. ಸುಣ್ಣದಂತೆ ಬಿಳಿಯಿದ್ದರೆ ಗಾಳಿ ಹೆಚ್ಚಾಗಿ ಎಂಜಿನ್ ಅತಿಯಾಗಿ ಕಾಯುತ್ತಿರಬಹುದು.

4. ಗೇರ್ ಆಯಿಲ್ ಮಟ್ಟ ನೋಡಬೇಕು. ಕ್ಲಚ್ ಬದಿಯ ಕ್ರ್ಯಾಂಕ್ ಸೀಲ್ ಹೋದರೆ ಗೇರ್ ಆಯಿಲ್ ಒಳಕ್ಕೆ ಎಳೆದುಕೊಂಡು ಉರಿಯುತ್ತದೆ: ನೆಲದ ಮೇಲೆ ಸೋರಿಕೆಯಿಲ್ಲ, ಆಯಿಲ್ ಇಳಿಯುತ್ತದೆ, ಹೊಗೆ ಇಳಿಯುವುದಿಲ್ಲ. ಇನ್ನೊಂದು ಬದಿಯ ಸೀಲ್ ಹೋದರೆ ಗಾಳಿ ಒಳಕ್ಕೆ ಬಂದು, ಎಕ್ಸಲರೇಟರ್ ಬಿಟ್ಟರೂ ಎಂಜಿನ್ನಿನ ವೇಗ ಬೇಗ ಇಳಿಯುವುದಿಲ್ಲ.

5. ಹದಿನೈದು ನಿಮಿಷ ಓಡಿಸಿ, ಹೊಗೆಯನ್ನೂ ಸದ್ದನ್ನೂ ಮತ್ತೆ ಗಮನಿಸಬೇಕು. ಒಳಗಿನಿಂದ ಬರುವ ದಪ್ಪ ಬಡಿತ ಕನೆಕ್ಟಿಂಗ್ ರಾಡಿನ ಬೇರಿಂಗಿನದಾಗಿರಬಹುದು.

6. ಎಂಜಿನ್ ನಂಬರನ್ನು ಆರ್‌ಸಿಯೊಂದಿಗೆ ತಾಳೆ ನೋಡಬೇಕು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ; ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಿದ್ದಾರೆಯೇ ಎಂಬುದನ್ನೂ ನೋಡಬೇಕು.

ಪ್ರತಿ ಹೆಜ್ಜೆಗೂ ಮಕ್ಕಳು ಮೂರು ಅಂಕಣ ತುಂಬಿದರು: ಕಂಡದ್ದು, ಕಾರಣ ಇರಬಹುದಾದದ್ದು, ಖಚಿತಪಡಿಸುವ ಪರೀಕ್ಷೆ.

ಮುದ್ದೇಬಿಹಾಳ: ಸರಿ ಉತ್ತರಕ್ಕೆ ಕಡಿಮೆ ಅಂಕ

ಪಾಠ ಮುಗಿದ ಮೇಲೆ ಒಬ್ಬ ಹುಡುಗ ಹೇಳಿದ: “ಟೀಚರ್, ನಮ್ಮ ಕಾಕಾ ಐತಾರ ಯೆಜ್ಡಿ ನೋಡಾಕ ಹೊಂಟಾನ್ರಿ. ಉಳ್ಳಾಗಡ್ಡಿ ಮಾರಿದ ರೊಕ್ಕ ಐತ್ರಿ.” ಆ ಮಾತಿನ ನಂತರ ನಮ್ಮ ಪಾಠಯೋಜನೆಯ ‘ವಿಸ್ತರಣೆ’ ಹಂತ ಬರೀ ಹೆಸರಾಗಿ ಉಳಿಯಲಿಲ್ಲ.

ಅವರು ಹೋದಾಗ ಎಂಜಿನ್ ಬಿಸಿಯಾಗಿತ್ತು. “ಮೋಸ” ಎಂದು ಹುಡುಗ ಬರೆದುಕೊಂಡಿದ್ದ. ಪ್ರಶಿಕ್ಷಣಾರ್ಥಿ ಅದನ್ನು ಎರಡನೇ ಅಂಕಣಕ್ಕೆ ಸರಿಸಿದಳು: ಮಾರುವವರು ಆಗಷ್ಟೇ ಸಂತೆಗೆ ಹೋಗಿ ಬಂದಿರಲೂಬಹುದು. ಕಾಕಾ ಜಗಳವಾಡದೆ ಮರುದಿನ ಬೆಳಗ್ಗೆ ಮತ್ತೆ ಹೋದರು. ತಣ್ಣಗಿನ ಎಂಜಿನ್ನಿನ ಕಿಕ್ ಗಟ್ಟಿಯಾಗಿತ್ತು. ಹದಿನೈದು ನಿಮಿಷ ಓಡಿಸಿದರೂ ಹೊಗೆ ಇಳಿಯಲಿಲ್ಲ. ಗೇರ್ ಆಯಿಲ್ ಕಡಿಮೆಯಿತ್ತು, ನೆಲ ಒಣಗಿತ್ತು. ಹುಡುಗ ಬರೆದ: ‘ಕ್ಲಚ್ ಬದಿಯ ಸೀಲ್ ಹೋಗಿದೆ. ಖಚಿತ.’

ಪ್ರಶಿಕ್ಷಣಾರ್ಥಿ 5ಕ್ಕೆ 3 ಅಂಕ ಕೊಟ್ಟಳು. ಎರಡು ದಿನಗಳ ನಂತರ ಮೆಕ್ಯಾನಿಕ್ ಬಿಚ್ಚಿ ನೋಡಿದಾಗ ಸೀಲ್ ನಿಜವಾಗಿಯೂ ಗಟ್ಟಿಯಾಗಿ ಬಿರಿದಿತ್ತು. ಹುಡುಗ ಪುಸ್ತಕ ಹಿಡಿದು ಬಂದ: “ನಂದು ಸರಿ ಆತಲ್ರಿ ಟೀಚರ್, ಮತ್ತ ಮಾರ್ಕ್ಸ್ ಯಾಕ ಕಡಿಮಿರಿ?”

ಆಕೆ ನನ್ನತ್ತ ನೋಡಿದಳು. ಇಂಡಿಯ ನೆನಪು ಇನ್ನೂ ಹಸಿಯಾಗಿದ್ದರಿಂದ ನಾನು ಬಾಯಿ ಹಾಕಲಿಲ್ಲ. ಆಕೆ ಅವನನ್ನೇ ಕೇಳಿದಳು: “ಪೆಟ್ರೋಲಿಗೆ ಆಯಿಲ್ ಹೆಚ್ಚು ಹಾಕಿದ್ದರೂ ಹೊಗಿ ಬರತಿತ್ತಲ್ಲ? ಗೇರ್ ಆಯಿಲ್ ಬಹಳ ದಿನದಿಂದ ಹಾಕದೇ ಇದ್ದಿದ್ದರ? ನಿನ್ನ ಉತ್ತರ ತಪ್ಪಾಗಿದ್ದರೆ ಅದು ನಿನಗೆ ಹೆಂಗ ಗೊತ್ತಾಗತಿತ್ತು?” ಹುಡುಗ ತುಸು ಯೋಚಿಸಿ ಬರೆದ: ‘ಸರಿಯಾದ ಅಳತೆಯ ಹೊಸ ಮಿಶ್ರಣ ಹಾಕಬೇಕು. ಗೇರ್ ಆಯಿಲ್ ಮಟ್ಟಕ್ಕೆ ತುಂಬಿ, ಓಡಿಸಿ, ಮತ್ತೆ ಅಳೆಯಬೇಕು. ಆಯಿಲ್ ಇಳಿಯದಿದ್ದರೆ ನಾನು ಹೇಳಿದ್ದು ತಪ್ಪು.’ ಅವನಿಗೆ 5 ಅಂಕ ಸಿಕ್ಕಿತು. ಕಾಕಾ ರಿಪೇರಿ ಖರ್ಚನ್ನು ಬೆಲೆಯಲ್ಲಿ ಮುರಿದುಕೊಂಡು ಗಾಡಿ ಕೊಂಡರು.

ಬಸವನ ಬಾಗೇವಾಡಿ ಮತ್ತು ಕಲಿತದ್ದು

ಕೊನೆಯ ಶಾಲೆಯಲ್ಲಿ ಗಣಿತ ಪದ್ಧತಿಯ ಪ್ರಶಿಕ್ಷಣಾರ್ಥಿಯೂ ಕೂಡಿಕೊಂಡ. ಸಿಲಿಂಡರಿನ ವ್ಯಾಸ 65 ಮಿ.ಮೀ., ಪಿಸ್ಟನ್ ಚಲಿಸುವ ದೂರ 75 ಮಿ.ಮೀ. ಎಂದು ಕೊಟ್ಟ. ಮಕ್ಕಳು 3.14 × 3.25² × 7.5 ಲೆಕ್ಕ ಹಾಕಿ ಸುಮಾರು 249 ಘನ ಸೆಂ.ಮೀ. ತಂದರು. ‘250 ಸಿಸಿ’ ಎಂಬ ಮಾತಿನ ಮೂಲ ಸಿಕ್ಕಾಗ ಆದ ಗದ್ದಲವನ್ನು ಪಕ್ಕದ ತರಗತಿಯವರೂ ಕೇಳಿದರು.

ಈ ಪಾಠ ಮಾಡುವವರು ಎಂಜಿನ್ನನ್ನು ಕೋಣೆಯೊಳಗೆ ಚಾಲೂ ಮಾಡಬಾರದು. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಕಿಕ್ ಹೊಡೆಯುವುದು ಹಿರಿಯರ ಕೆಲಸ. ಬಿಸಿ ಸೈಲೆನ್ಸರ್‌ನಿಂದ ಮಕ್ಕಳು ದೂರ ನಿಲ್ಲಬೇಕು. ಗಾಡಿ ಸಿಗದಿದ್ದರೆ ಎರಡು ಸೈಕಲ್ ಪಂಪುಗಳು ಸಾಕು.

ಇಂಡಿಯ ಶಾಲೆಗೆ ಮತ್ತೆ ಹೋಗಿ ಆ ಹುಡುಗಿಗೆ ಉತ್ತರ ಹೇಳಿದೆ: “ನಿಮ್ಮ ಮುತ್ಯಾನ ಗಾಡಿ ಹೊಸದಿದ್ದಾಗ ಕೆಟ್ಟಿರಲಿಲ್ಲವ್ವಾ. ನಾನು ಬರೆದದ್ದೇ ತಪ್ಪಿತ್ತು.” ಆಕೆ ಕೇಳಿದಳು: “ಈಗ ಹೆಂಗೈತಿ ಅಂತ ನೋಡೂನೇನ್ರಿ?” ಆ ಪ್ರಶ್ನೆಯನ್ನು ಮುಂದೂಡಲಿಲ್ಲ.